ಪ್ರೊಕೂಪೆಕ್ ಮೇಷ್ಟ್ರ ಶ್ರುತಿ

ನಮ್ಮ ಲಿಪಾವಾ ಪಟ್ಟಣದಲ್ಲಿ ಅಲೋಯಿಸ್ ಪ್ರೊಕೂಪೆಕ್ ಯಾರು ಅಂತ ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಹೆಂಡತಿಯ ತವರಿನ ರಜಾಯಿ ಕೊಟ್ಟು ಕೊಳಲು ತಂದವರು ಅಂದರೆ ಸಾಕು, ಮಾಂಸದಂಗಡಿಯ ಸಾಲಿನಲ್ಲಿ ನಿಂತವರೆಲ್ಲ ಓಹೋ ಅವರಾ ಅಂತ ನಗುತ್ತಾರೆ. ನನಗೆ ಆ ನಗು ಕಂಡರೆ ಮೈ ಉರಿಯುತ್ತದೆ. ನಾನು ಲಿಬುಶೆ. ಊರಿನ ಸಂಗೀತ ಶಾಲೆಯಲ್ಲಿ ಮಕ್ಕಳಿಗೆ ಪಿಯಾನೋ ಹೇಳಿಕೊಟ್ಟು ನಿವೃತ್ತಳಾದವಳು, ಪ್ರೊಕೂಪೆಕ್ ಅವರ ಮೇಳದಲ್ಲಿ ಮೊದಲಿನಿಂದ ಕೊನೆಯವರೆಗೆ ಚೆಂಬಲೊ ನುಡಿಸಿದವಳು. ಚೆಂಬಲೊ ಅಂದರೆ ಪಿಯಾನೋದ ಅಜ್ಜಿ. ಪಿಯಾನೋ ತಂತಿಯನ್ನು ಬಡಿಯುತ್ತದೆ, ಇದು ಮೀಟುತ್ತದೆ. ಆ ಮನುಷ್ಯನನ್ನು ನೋಡಿ ನಗುವ ಹಕ್ಕು ಯಾರಿಗಾದರೂ ಇದ್ದರೆ ಅದು ನನಗೆ, ಯಾಕೆಂದರೆ ಅವರ ಹಟ, ಸಿಡುಕು, ಸಕ್ಕರೆ ಹಾಕಲು ಮರೆತ ಕಾಫಿ ಎಲ್ಲವನ್ನೂ ಸಹಿಸಿಕೊಂಡವಳು ನಾನು.

ರಜಾಯಿಯ ಕತೆ ನಿಜ. ಅವರು ಹುಡುಗಾಟದ ವಯಸ್ಸು ದಾಟುವಷ್ಟರಲ್ಲಿ ನಮ್ಮೂರಿನ ಬಿಸಿನೀರಿನ ಚಿಕಿತ್ಸೆಯ ಸ್ನಾನಗೃಹಗಳ ವಾದ್ಯವೃಂದದಲ್ಲಿ ಎರಡನೇ ಕೊಳಲಿನವರಾಗಿ ಸೇರಿದ್ದರು. ಬೆಳಿಗ್ಗೆ ಕಂಬಸಾಲಿನ ಕೆಳಗೆ ರೋಗಿಗಳು ಮೂತಿಯಿರುವ ಪಿಂಗಾಣಿ ಲೋಟಗಳಲ್ಲಿ ಬಿಸಿ ಬುಗ್ಗೆಯ ನೀರು ಹೀರುತ್ತಾ ಅತ್ತಿಂದಿತ್ತ ನಡೆಯುತ್ತಿದ್ದರು, ಇವರು ವಾಲ್ಟ್ಸ್ ಕುಣಿತದ ಸಂಗೀತ ನುಡಿಸುತ್ತಿದ್ದರು. ಪಿತ್ತಕೋಶದ ಕಲ್ಲಿಗೆ ಔಷಧಿ ಹುಡುಕಿಕೊಂಡು ಗಡಿಯಾಚೆಯ ಸಾಕ್ಸನಿಯಿಂದ ಬಂದಿದ್ದ ಮುದುಕನೊಬ್ಬ ಒಂದು ದಿನ ಇವರ ಮುಂದೆ ನಿಂತು, ನಿನ್ನ ಉಸಿರು ಚೆನ್ನಾಗಿದೆ, ಕೊಳಲು ಚೆನ್ನಾಗಿಲ್ಲ ಅಂದನಂತೆ. ಅವನು ಹಳೆಯ ಕಾಲದ ಕೊಳಲು ಮಾಡುವವನು. ಲೋಹದ್ದಲ್ಲ, ಮರದ್ದು, ಅದಕ್ಕೆ ತೂತು ಮುಚ್ಚುವ ಕೀಲಿ ಒಂದೇ ಒಂದು. ಮಿಕ್ಕದ್ದೆಲ್ಲ ಬೆರಳು ಮತ್ತು ತುಟಿಯ ಕೆಲಸ. ಇವರು ಒಂದು ಸಲ ಊದಿದರು, ಅಷ್ಟೇ. ಮುದುಕನಿಗೆ ಚಳಿಗಾಲಕ್ಕೆ ಹೊದೆಯಲು ಒಳ್ಳೆಯ ಬಾತುಗರಿಯ ರಜಾಯಿ ಬೇಕಿತ್ತು. ಇವರ ಹೆಂಡತಿ ಜ್ದೆಂಕಾ ಮದುವೆಯಲ್ಲಿ ಎರಡು ರಜಾಯಿ ತಂದಿದ್ದಳು, ಅವಳ ಅಜ್ಜಿ ಕೂತು ಗರಿ ಬಿಡಿಸಿ ತುಂಬಿಸಿದ್ದು. ಸಂಜೆ ಜ್ದೆಂಕಾ ಕೆಲಸದಿಂದ ಬಂದು ನೋಡಿದರೆ ಹಾಸಿಗೆಯ ಮೇಲೆ ಒಂದೇ ರಜಾಯಿ, ಮೇಜಿನ ಮೇಲೆ ಮರದ ಕೊಳಲು.

ಒಂದು ರಜಾಯಿಯಲ್ಲಿ ಇಬ್ಬರು ಮಲಗಿದರೆ ಪ್ರೀತಿ ಹೆಚ್ಚುತ್ತದೆ ಅಂತ ಊರಿನವರು ಛೇಡಿಸಿದರು. ಹೆಚ್ಚಲಿಲ್ಲ. ಆ ಕೊಳಲು ಈಗಿನ ವಾದ್ಯಗಳಿಗಿಂತ ಅರ್ಧ ಮನೆ, ಅಂದರೆ ಅರ್ಧ ಸ್ವರದಷ್ಟು, ಕೆಳಗಿನ ಶ್ರುತಿಯದು. ಬರೋಕ್ ಕಾಲದಲ್ಲಿ, ಇನ್ನೂರೈವತ್ತು ಮುನ್ನೂರು ವರ್ಷದ ಹಿಂದೆ, ನಮ್ಮ ಕಡೆಯ ಮೇಳಗಳು ಆ ಶ್ರುತಿಯಲ್ಲಿ ನುಡಿಸುತ್ತಿದ್ದವು ಅನ್ನುವುದು ಪ್ರೊಕೂಪೆಕ್ ಅವರ ನಂಬಿಕೆ. ಕಾಲಕ್ರಮದಲ್ಲಿ ಜನ ಹೊಳಪು ಬೇಕು, ಅಬ್ಬರ ಬೇಕು ಅಂತ ಶ್ರುತಿ ಏರಿಸುತ್ತಾ ಬಂದು ಹಳೆಯ ಸಂಗೀತದ ಕತ್ತು ಹಿಸುಕಿದರು ಅಂತ ಅವರು ಹೇಳುತ್ತಿದ್ದರು. ಅವರಿಗೆ ಕಲಿಸುವವರು ಯಾರೂ ಇರಲಿಲ್ಲ. ವರ್ಷಗಟ್ಟಲೆ ಅಡುಗೆಮನೆಯಲ್ಲಿ ಒಬ್ಬರೇ ನಿಂತು ಒಂದೊಂದು ಸ್ವರವನ್ನೂ ತುಟಿ ತಿರುಗಿಸಿ ತಿರುಗಿಸಿ ಹುಡುಕಿದರು. ಕಡೆಗೆ ಜ್ದೆಂಕಾ ಬೇಸತ್ತು, ಈ ಮನುಷ್ಯನಿಗೆ ಕುಕ್ಕರಿನ ಸೀಟಿ ಯಾವ ಸ್ವರ ಅಂತ ಗೊತ್ತು, ನಾನು ಕೂಗಿದ್ದು ಮಾತ್ರ ಕಿವಿಗೆ ಬೀಳಲ್ಲ ಅಂತ ಹೇಳಿ ಹೊರಟುಹೋದಳು. ಹೋದದ್ದು ದೂರಕ್ಕೂ ಅಲ್ಲ. ಪಕ್ಕದ ಬೀದಿಯ ಕಿವಿ ಡಾಕ್ಟರ್ ಸೆಮೆರಾದ್ ಅವರನ್ನು ಮದುವೆಯಾದಳು. ಊರಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇಕೆ? ಪ್ರೊಕೂಪೆಕ್ ಅವರು ಅವಳನ್ನು ಬ್ರೆಡ್ಡಿನಂಗಡಿಯಲ್ಲಿ ಕಂಡಾಗಲೆಲ್ಲ ಟೋಪಿ ತೆಗೆದು ನಮಸ್ಕರಿಸುತ್ತಿದ್ದರು. ಆಮೇಲೆ ಮನೆಗೆ ಹೋಗಿ ಎರಡು ದಿನ ಕೊಳಲು ಮುಟ್ಟುತ್ತಿರಲಿಲ್ಲ.

ಮೇಳ ಕಟ್ಟಿದ್ದು ಅದಾದ ಮೇಲೆ. ಸಂಗೀತ ಶಾಲೆಗೆ ಬಂದು ನನ್ನ ಪಾಠದ ನಡುವೆ ಬಾಗಿಲು ತಳ್ಳಿ, ಉಗ್ರಾಣದಲ್ಲಿ ಒಂದು ಚೆಂಬಲೊ ಕೊಳೆಯುತ್ತಾ ಬಿದ್ದಿದೆ, ನೀವು ನುಡಿಸ್ತೀರಾ ಅಂತ ಕೇಳಿದರು. ನನಗೆ ಬರುವುದಿಲ್ಲ ಅಂದೆ. ನನಗೂ ಮೇಳ ನಡೆಸಲು ಬರುವುದಿಲ್ಲ ಅಂದರು. ಪಿಟೀಲಿಗೆ ಹೀನೆಕ್ ಸಿಕ್ಕ. ಅಂಚೆ ಕಚೇರಿಯಲ್ಲಿ ಕೆಲಸ, ನಾಲಿಗೆ ಮಾತ್ರ ಮೆಣಸಿನಕಾಯಿ. ಇನ್ನೊಂದು ನಾಲ್ಕೈದು ಜನ ಅಲ್ಲಿ ಇಲ್ಲಿಂದ ಸೇರಿಕೊಂಡರು. ಪಿಟೀಲು ಮುಂತಾದವುಗಳ ಲೋಹದ ತಂತಿ ಕಿತ್ತು ಕುರಿಕರುಳಿನ ತಂತಿ ಕಟ್ಟಿಕೊಂಡೆವು. ಅವು ಮಳೆ ಬಂದರೆ ಸಡಿಲ, ಬಿಸಿಲು ಬಂದರೆ ಫಟ್ ಅಂತ ತುಂಡು. ಅದು ಕಮ್ಯುನಿಸ್ಟ್ ಸರ್ಕಾರದ ಕಾಲ, ದೇವರ ಹೆಸರನ್ನು ಭಿತ್ತಿಪತ್ರದ ಮೇಲೆ ಹಾಕುವಂತಿರಲಿಲ್ಲ. ಸಂಸ್ಕೃತಿ ಭವನದ ವ್ಯವಸ್ಥಾಪಕ ಪೂಜೆಯ ಹಾಡುಗಳಿಗೆಲ್ಲ ಜೀತಗಾರರ ಕಾಲದ ಸಂಗೀತ ಅಂತ ನಾಮಕರಣ ಮಾಡಿದ. ಅವನ ಪ್ರಕಾರ ಆಗ ಮುಂದಿನ ಸಾಲು ಕಾರ್ಖಾನೆಯವರಿಂದ ತುಂಬಬೇಕಿತ್ತು. ತುಂಬುತ್ತಿದ್ದದ್ದು ಮೂತ್ರಪಿಂಡದ ರೋಗಿಗಳಿಂದ, ಅವರೂ ನಡುನಡುವೆ ಎದ್ದು ಹೋಗುತ್ತಿದ್ದರು.

ಅಭ್ಯಾಸ ಗುರುವಾರ. ಶುಕ್ರವಾರ ಮಧ್ಯಾಹ್ನದ ಮೇಲೆ ಊರಲ್ಲಿ ನರಪಿಳ್ಳೆ ಇರುವುದಿಲ್ಲ, ಎಲ್ಲರೂ ಕಾರಿನ ಮೇಲೆ ಹಲಗೆ, ಸಿಮೆಂಟು, ಅಜ್ಜಿ ಎಲ್ಲ ಹೇರಿಕೊಂಡು ತಮ್ಮ ತಮ್ಮ ಹಳ್ಳಿಮನೆಗೆ ಓಡುತ್ತಾರೆ. ಸೆಪ್ಟೆಂಬರಿನಲ್ಲಿ ಗುರುವಾರವೂ ಸಂಶಯ, ಯಾಕೆಂದರೆ ಕಾಡಿನಲ್ಲಿ ಆರಿಸಿಕೊಳ್ಳಲು ಅಣಬೆ ಎದ್ದಿರುತ್ತದೆ. ನಾನೂ ನನ್ನ ಗಂಡ ಮಿರೆಕ್ ಜೊತೆ ಓಡುತ್ತಿದ್ದೆ. ನಮ್ಮ ಹಳ್ಳಿಮನೆಯ ಮಾಡು ಮೂವತ್ತು ವರ್ಷದಿಂದ ರಿಪೇರಿಯಲ್ಲಿದೆ. ಪ್ರೊಕೂಪೆಕ್ ಅವರಿಗೆ ಹಳ್ಳಿಮನೆ ಇರಲಿಲ್ಲ, ಕಾರು ಇರಲಿಲ್ಲ, ಕಾಡಿಗೆ ಜೊತೆ ಹೋಗುವವರೂ ಇರಲಿಲ್ಲ. ಒಂದು ಸಲ ಮರೆತ ಔಷಧಿ ತರಲು ಶನಿವಾರ ಊರಿಗೆ ಬಂದಾಗ ಖಾಲಿ ಕಂಬಸಾಲಿನ ಕೆಳಗೆ ಒಬ್ಬರೇ ನಿಂತು ಊದುತ್ತಿದ್ದದ್ದನ್ನು ನೋಡಿದೆ. ಮಾತಾಡಿಸಬೇಕು ಅನ್ನಿಸಿತು. ಮಾತಾಡಿಸಿದರೆ ಹಳ್ಳಿಮನೆಗೆ ಕರೆಯಬೇಕಾಗುತ್ತದೆ, ಕರೆದರೆ ಮಿರೆಕ್ ಮುಖ ಗಂಟಿಕ್ಕುತ್ತಾನೆ. ಸುಮ್ಮನೆ ಬಸ್ಸು ಹಿಡಿದೆ.

ಮೇಳದಲ್ಲಿ ನಾವು ಶ್ರುತಿ ಹಿಡಿಯುತ್ತಿದ್ದ ರೀತಿ ಬೇರೆಲ್ಲೂ ಇರಲಾರದು. ಬೇರೆಯವರು ಉಕ್ಕಿನ ಶ್ರುತಿಕವೆಯನ್ನು ಮೊಣಕಾಲಿಗೆ ತಟ್ಟಿ ಕಿವಿಯ ಹತ್ತಿರ ಹಿಡಿದು ಅದರ ಸ್ವರಕ್ಕೆ ವಾದ್ಯ ಹೊಂದಿಸುತ್ತಾರೆ. ನಮ್ಮಲ್ಲಿ ಪ್ರೊಕೂಪೆಕ್ ಅವರು ಒಳಗೆ ಬಂದು, ಕೋಟು ಮೊಳೆಗೆ ಸಿಕ್ಕಿಸಿ, ಹ್ಮ್ ಅಂತ ಒಂದು ಸ್ವರ ಗುನುಗುತ್ತಿದ್ದರು. ನಾನು ಚೆಂಬಲೊವನ್ನು ಅದಕ್ಕೆ ಹೊಂದಿಸುತ್ತಿದ್ದೆ. ಮಿಕ್ಕವರು ನನ್ನಿಂದ ತೆಗೆದುಕೊಳ್ಳುತ್ತಿದ್ದರು. ಹೀನೆಕ್ ಮೊದಮೊದಲು ನಂಬದೆ ಜೇಬಿನಿಂದ ಹಳೆಯ ಶ್ರುತಿಯ ಶ್ರುತಿಕವೆ ತೆಗೆದು ಪರೀಕ್ಷಿಸುತ್ತಿದ್ದ. ಕೂದಲೆಳೆಯ ವ್ಯತ್ಯಾಸವೂ ಇರುತ್ತಿರಲಿಲ್ಲ. ಜ್ವರ ಬಂದಿರಲಿ, ಜ್ದೆಂಕಾಳನ್ನು ಬೀದಿಯಲ್ಲಿ ಕಂಡು ಬಂದಿರಲಿ, ಆ ಗುನುಗು ಅದೇ ಜಾಗದಲ್ಲಿ. ಹೊರಗಿನಿಂದ ಬಂದವರ ಮುಂದೆ ನಾವು ಇದನ್ನು ಹೇಳಿಕೊಂಡು ಮೆರೆಯುತ್ತಿದ್ದೆವು. ಹೊಗಳಿದರೆ ಪ್ರೊಕೂಪೆಕ್ ಅವರಿಗೆ ಇರಿಸುಮುರಿಸಾಗುತ್ತಿತ್ತು, ಆದರೂ ಆವತ್ತು ಮಾತ್ರ ಎರಡನೇ ಲೋಟ ಬಿಯರಿಗೆ ನಿಲ್ಲುತ್ತಿದ್ದರು.

ಅವರ ಬದುಕಿಗೆ ಒಂದು ಆಸೆ ಇತ್ತು, ಒಂದೇ. ನಮ್ಮಿಂದ ಬಸ್ಸಿನಲ್ಲಿ ಹೋದರೆ ಅರ್ಧ ಗಂಟೆಯ ಸ್ಲಾತಿನ್ಕಾ ಹಳ್ಳಿಯಲ್ಲಿ ಬರೋಕ್ ಕಾಲದಲ್ಲಿ ಮತೌಶ್ ಪೆಲಿಕಾನ್ ಅಂತ ಒಬ್ಬ ಶಾಲಾಮಾಸ್ತರ ಇದ್ದ. ಆ ಕಾಲದ ಮಾಸ್ತರರು ಬೆಳಿಗ್ಗೆ ಮಗ್ಗಿ ಹೇಳಿಸಿ, ಭಾನುವಾರ ಇಗರ್ಜಿಯ ಆರ್ಗನ್ ನುಡಿಸಿ, ನಡುವೆ ಬಿಡುವಾದಾಗ ಸಂಗೀತ ಬರೆಯುತ್ತಿದ್ದರು. ಅವನು ಬರೆದ ಮೇರಿಮಾತೆಯ ಸ್ತುತಿ ಒಂದು ಅಲ್ಲಿಯ ಇಗರ್ಜಿಯ ಅಟ್ಟದಲ್ಲಿ ಇಲಿ ತಿಂದು ಉಳಿದಿತ್ತು. ಒಂದು ಹೆಣ್ಣು ಕಂಠ, ಒಂದು ಕೊಳಲು, ಕೆಲವು ತಂತಿವಾದ್ಯ, ಆರ್ಗನ್. ಪ್ರೊಕೂಪೆಕ್ ಅವರು ಅದನ್ನು ಪ್ರತಿ ಮಾಡಿಕೊಂಡು ಬಂದರು, ಆದರೆ ಬೇರೆಲ್ಲೂ ನುಡಿಸಲು ಒಪ್ಪಲಿಲ್ಲ. ಅದನ್ನು ಅವನು ಆ ಗೋಡೆಗಳಿಗೆ, ಆ ಆರ್ಗನ್ನಿಗೆ ಬರೆದದ್ದು, ಅದರ ಶ್ರುತಿ ಈಗಲೂ ಆಗಿನದೇ, ಅಲ್ಲಿಯೇ ಕೇಳಬೇಕು ಅನ್ನುತ್ತಿದ್ದರು. ಆ ಇಗರ್ಜಿಯಲ್ಲಿ ಆಗ ಸಹಕಾರಿ ಕೃಷಿಯವರು ಗೊಬ್ಬರದ ಚೀಲ ಇಟ್ಟಿದ್ದರು. ಆರ್ಗನ್ನಿನ ತಿದಿ ಹರಿದಿತ್ತು, ಕೊಳವೆಗಳಲ್ಲಿ ಪಾರಿವಾಳ.

ಹೀನೆಕ್ ಅಲೋಯಿಸ್ ಅನ್ನುವುದನ್ನು ಚಿಕ್ಕದು ಮಾಡಿ ಲೋಯ್ಜಾ ಅನ್ನುತ್ತಿದ್ದ. ಒಮ್ಮೆ, ಲೋಯ್ಜಾ, ಅದನ್ನ ಇಲ್ಲೇ ಚೆಂಬಲೊ ಜೊತೆ ನುಡಿಸಿಬಿಡೋಣ, ಸತ್ತ ಮೇಲೆ ಕೇಳ್ತೀಯಾ ಅಂತ ಕೇಳಿದ. ಕಾಯ್ತೀನಿ ಅಂದರು. ಸರ್ಕಾರ ಬದಲಾಯಿತು, ಗೊಬ್ಬರದ ಚೀಲ ಹೊರಗೆ ಬಂತು, ಮಾಡು ಸೋರುವುದು ನಿಂತಿತು. ಆರ್ಗನ್ನಿನ ದುರಸ್ತಿ ಇನ್ನೂ ಎಷ್ಟೋ ವರ್ಷ ತೆಗೆದುಕೊಂಡಿತು. ಅವರಿಗೆ ಎಪ್ಪತ್ತಾಗುವ ವರ್ಷ ಕೊನೆಗೂ ದಿನ ಗೊತ್ತಾಯಿತು, ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ. ಹಾಡಲು ಪಿಲ್ಜೆನ್‌ನಿಂದ ಒಬ್ಬ ಹುಡುಗಿ ಬರುವವಳಿದ್ದಳು. ಕೊಳಲು ಅವರದೇ. ಆ ಬೇಸಿಗೆ ಅವರು ಹೊಸ ಶರ್ಟು ಹೊಲಿಸಿದ್ದನ್ನು ನಾನು ಮೊದಲ ಸಲ ನೋಡಿದೆ.

ಎಡವಟ್ಟು ಶುರುವಾದದ್ದು ಆ ಬೇಸಿಗೆಯಲ್ಲೇ, ಅಥವಾ ಅದಕ್ಕೂ ಮುಂಚೆಯೇ ಇರಬಹುದು. ಅವರು ಗುನುಗಿದ ಸ್ವರಕ್ಕೆ ತಂತಿಗಳನ್ನು ಇಳಿಸುತ್ತಾ ಹೋದರೆ ಮುಗಿಯುತ್ತಲೇ ಇರಲಿಲ್ಲ. ತಂತಿಗಳು ಸಡಿಲವಾಗಿ ಗೊರಗೊರ ಅನ್ನತೊಡಗಿದವು. ಮೇಳದಲ್ಲಿ ಓಬೋ ಅನ್ನುವ ವಾದ್ಯ ಊದುವವನು, ಮೇಷ್ಟ್ರೇ, ನನ್ನ ವಾದ್ಯ ಇಷ್ಟು ಕೆಳಗೆ ಬರಲ್ಲ ಅಂತ ಗೋಳಾಡಿದ. ಹೀನೆಕ್ ಎಷ್ಟೋ ವರ್ಷದ ಮೇಲೆ ಮತ್ತೆ ಶ್ರುತಿಕವೆ ತೆಗೆದು ತಟ್ಟಿದ. ಅದು ನುಡಿದ ಸ್ವರಕ್ಕೂ ಪ್ರೊಕೂಪೆಕ್ ಅವರು ಗುನುಗಿದ ಸ್ವರಕ್ಕೂ ಹತ್ತಿರ ಹತ್ತಿರ ಅರ್ಧ ಮನೆ ಅಂತರ.

"ಲೋಯ್ಜಾ, ಪಾತಾಳಕ್ಕೆ ಇಳಿಸ್ತಿದ್ದೀಯಲ್ಲಯ್ಯಾ. ಅಲ್ಲಿ ಕೇಳೋರು ಯಾರಿದಾರೆ?" ಅಂದ.

ಅವರು ಶ್ರುತಿಕವೆಯನ್ನು ಕಿತ್ತುಕೊಂಡು ಕಿವಿಗೆ ಹಿಡಿದರು. ಇದು ಹೊಸ ಶ್ರುತಿಯದು, ಈಗಿನ ಪಿಯಾನೋದವರದು, ಯಾರೋ ಬದಲಾಯಿಸಿದ್ದಾರೆ ಅಂತ ಖಡಾಖಂಡಿತ ಹೇಳಿದರು. ಮುಂದಿನ ವಾರ ಹೀನೆಕ್ ಇನ್ನೊಂದು ತಂದ. ಅದೂ ಹೊಸ ಶ್ರುತಿಯದೇ ಅಂದರು. ಓಬೋದವನು ತನ್ನದನ್ನು ತೋರಿಸಿದ. ಅದೂ ಸುಳ್ಳು. ನಾವೆಲ್ಲ ಸೇರಿಕೊಂಡು ತಮ್ಮ ಮೇಲೆ ಮಸಲತ್ತು ಮಾಡುತ್ತಿದ್ದೇವೆ, ಹಳೆಯ ಸಂಗೀತವನ್ನು ಕದ್ದುಮುಚ್ಚಿ ಮೇಲಕ್ಕೆ ಎಳೆಯುತ್ತಿದ್ದೇವೆ ಅಂತ ಕೂಗಾಡಿ ಕೋಟು ಹಾಕಿಕೊಳ್ಳದೆ ಹೊರಟುಹೋದರು. ಹೀನೆಕ್ ನಗಲಿಲ್ಲ. ನನಗೆ ಭಯವಾಯಿತು.

ನಾನು ಯಾರಿಗೂ ಹೇಳದೆ ಡಾಕ್ಟರ್ ಸೆಮೆರಾದ್ ಅವರ ಹತ್ತಿರ ಹೋದೆ. ಅವರೂ ಆಗ ನಿವೃತ್ತರು, ಬಾಗಿಲು ತೆಗೆದದ್ದು ಜ್ದೆಂಕಾ. ಯಾರ ವಿಷಯ ಅಂತ ಹೇಳದಿದ್ದರೂ ಅವಳಿಗೆ ಗೊತ್ತಾಯಿತು. ಕಾಫಿ ತರುವ ನೆಪದಲ್ಲಿ ಅಡುಗೆಮನೆಗೆ ಹೋದವಳು ಈಚೆಗೆ ಬರಲೇ ಇಲ್ಲ. ಡಾಕ್ಟರು ವಿವರಿಸಿದರು. ಕೆಲವರಿಗೆ ವಯಸ್ಸಾದ ಮೇಲೆ ಕಿವಿಯೊಳಗಿನ ಶ್ರುತಿಯೇ ಸರಿದುಬಿಡುತ್ತದೆ, ಹೊರಗಿನದೆಲ್ಲ ಇದ್ದದ್ದಕ್ಕಿಂತ ಮೇಲೆ ಕೇಳಿಸುತ್ತದೆ, ಸಾಮಾನ್ಯ ಜನರಿಗೆ ಇದು ಗೊತ್ತೂ ಆಗುವುದಿಲ್ಲ, ಸ್ವರದ ನೆನಪು ಗಟ್ಟಿಯಾಗಿ ಇರುವವರಿಗೇ ಇದು ಶಿಕ್ಷೆ. ಔಷಧಿ ಇಲ್ಲ. ನಾನು ಮೆಟ್ಟಿಲಿಳಿಯುತ್ತಾ ಲೆಕ್ಕ ಹಾಕಿದೆ. ನಾವು ಸರಿಯಾದ ಹಳೆಯ ಶ್ರುತಿಯಲ್ಲಿ ನುಡಿಸಿದರೆ ಅವರಿಗೆ ಅದು ಈಗಿನ ಶ್ರುತಿಯಾಗಿ ಕೇಳುತ್ತದೆ. ಯಾವ ಶ್ರುತಿಯನ್ನು ಬಿಡಲು ಹೋಗಿ ಅವರು ಹೆಂಡತಿ, ರಜಾಯಿ, ಭಾನುವಾರಗಳನ್ನೆಲ್ಲ ಕಳೆದುಕೊಂಡರೋ ಅದೇ ಬಂದು ಕಿವಿಯಲ್ಲಿ ಕೂತಿತ್ತು. ಅನ್ಯಾಯ ಅನ್ನಿಸಿ ಬೀದಿಯಲ್ಲೇ ಕಣ್ಣೀರು ಬಂತು.

ಆದರೂ ಹೇಳಲು ಧೈರ್ಯವಾಗಲಿಲ್ಲ, ಸ್ಲಾತಿನ್ಕಾದಲ್ಲಿ ಮೊದಲ ಅಭ್ಯಾಸ ಆಗುವವರೆಗೂ. ಆರ್ಗನ್ ನುಡಿಸುವವಳು ನಾನೇ. ಮೊದಲ ಮೂರು ಸ್ವರ ಒತ್ತಿದೆ, ಅಷ್ಟೇ. ಪ್ರೊಕೂಪೆಕ್ ಅವರು ಕೈ ಎತ್ತಿ ನಿಲ್ಲಿಸಿದರು, ಮುಖ ಸುಣ್ಣವಾಗಿತ್ತು. ದುರಸ್ತಿ ಮಾಡಿದವನು ಕೊಳವೆಗಳನ್ನೆಲ್ಲ ಕತ್ತರಿಸಿ ಹಾಳುಮಾಡಿದ್ದಾನೆ, ಮುನ್ನೂರು ವರ್ಷ ಉಳಿದದ್ದನ್ನು ಕೊಂದಿದ್ದಾನೆ ಅಂದರು. ಕಂಬಿ ಹಿಡಿದುಕೊಂಡು ನಿಧಾನ ಮೆಟ್ಟಿಲಿಳಿದು ಹೊರಗೆ ಹೋದರು. ಹೀನೆಕ್ ನನ್ನ ಕಡೆ ನೋಡಿ, ಲಿಬುಶೆ, ಇನ್ನು ನೀನು ಹೇಳದಿದ್ರೆ ನಾನು ಹೇಳ್ತೀನಿ, ನಾನು ಹೇಳಿದ್ರೆ ಜಗಳ ಆಗುತ್ತೆ ಅಂದ.

ಮರುದಿನ ಅವರನ್ನು ಲಿಪಾವಾದ ದೊಡ್ಡ ಇಗರ್ಜಿಯ ಎದುರಿನ ಬೆಂಚಿನ ಮೇಲೆ ಕೂರಿಸಿಕೊಂಡು ಹೇಳಿದೆ. ಸುತ್ತಿ ಬಳಸಲಿಲ್ಲ. ಆರ್ಗನ್ ಸರಿಯಾಗಿದೆ, ಶ್ರುತಿಕವೆಗಳು ಸರಿಯಾಗಿವೆ, ಸರಿದಿರುವುದು ನಿಮ್ಮ ಕಿವಿ ಅಂದೆ.

"ಡಾಕ್ಟರ್ ಸೆಮೆರಾದ್ ಹೇಳಿದ್ದಾ?"

"ಹೌದು."

"ಅವನು ನನ್ನ ಬಗ್ಗೆ ಏನು ಬೇಕಾದ್ರೂ ಹೇಳ್ತಾನೆ." ಆಮೇಲೆ ತಲೆಯೆತ್ತಿ ಗಂಟೆಗೋಪುರ ತೋರಿಸಿದರು. "ಅನ್ನಾ ಸುಳ್ಳು ಹೇಳಲ್ಲ. ಮಧ್ಯಾಹ್ನದ ಗಂಟೆ ಹೊಡೀಲಿ, ಆಗ ನೋಡೋಣ."

ಅನ್ನಾ ಅಂದರೆ ನಮ್ಮ ದೊಡ್ಡ ಗಂಟೆ. ಯುದ್ಧದ ಕಾಲದಲ್ಲಿ ಬೇರೆ ಗಂಟೆಗಳನ್ನೆಲ್ಲ ಫಿರಂಗಿ ಮಾಡಲು ಕರಗಿಸಿದರೂ ಉಳಿದುಕೊಂಡದ್ದು. ಪ್ರೊಕೂಪೆಕ್ ಅವರು ಹುಟ್ಟಿದ್ದು ಗೋಪುರದ ಹಿಂದಿನ ಓಣಿಯಲ್ಲಿ. ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ ಸ್ವರ. ಶ್ರುತಿಕವೆ ಬದಲಾಯಿಸಬಹುದು, ಕೊಳವೆ ಕತ್ತರಿಸಬಹುದು, ಅಷ್ಟು ದೊಡ್ಡ ಕಂಚನ್ನು ಯಾರು ಏನು ಮಾಡುತ್ತಾರೆ? ನಾವು ಕಾದೆವು. ಗಂಟೆ ತಪ್ಪು ಹೊಡೆದರೂ ಪರವಾಗಿಲ್ಲ ಅಂತ ನಾನು ಒಳಗೊಳಗೇ ಬೇಡಿಕೊಂಡೆ, ನನ್ನ ಮಾತು ಸುಳ್ಳಾಗಲಿ ಅಂತ.

ಹೊಡೆಯಿತು. ಮೊದಲ ಹೊಡೆತಕ್ಕೇ ಅವರ ಹೆಗಲು ಕುಸಿಯಿತು. ಅಷ್ಟೂ ಹೊಡೆತ ಮುಗಿಯುವವರೆಗೆ ಟೋಪಿಯನ್ನು ತೊಡೆಯ ಮೇಲೆ ತಿರುಗಿಸುತ್ತಾ ಕೂತಿದ್ದರು. ಕೊನೆಗೆ, ಇವಳೂ ಮೇಲೆ ಹೋಗಿಬಿಟ್ಟಿದ್ದಾಳೆ ಅಂದರು, ಬಹಳ ಮೆಲ್ಲಗೆ. ನನ್ನ ಜೊತೆ ಅಷ್ಟು ವರ್ಷ ಕೆಲಸ ಮಾಡಿದ ಮನುಷ್ಯ ನನ್ನ ಮುಂದೆ ಅತ್ತದ್ದು ಆವತ್ತು. ನನಗೆ ಅವರ ಕೈ ಹಿಡಿಯಬೇಕು ಅನ್ನಿಸಿತು, ಹಿಡಿದೆ. ಊರು ಏನಾದರೂ ಅಂದುಕೊಳ್ಳಲಿ.

ಗುರುವಾರದ ಅಭ್ಯಾಸಕ್ಕೆ ಅವರು ಬರುವುದಿಲ್ಲ ಅಂತಲೇ ನಾವು ಅಂದುಕೊಂಡಿದ್ದೆವು. ಬಂದರು, ಕೋಟು ಸಿಕ್ಕಿಸಿದರು, ಗುನುಗಲಿಲ್ಲ. ಹೀನೆಕ್‌ನ ಕಡೆ ಕೈ ಚಾಚಿ ಶ್ರುತಿಕವೆ ಕೇಳಿ ಇಸಿದುಕೊಂಡು ನನ್ನ ಚೆಂಬಲೊ ಮೇಲೆ ಇಟ್ಟರು. ಇದರ ಪ್ರಕಾರ ಹೊಂದಿಸಿ ಅಂದರು. ಇನ್ನೊಂದು ಮಾತು ಹೇಳಿದರು, ಅದು ನಮಗೆ ಇನ್ನೂ ಕಷ್ಟವಾಯಿತು. ಕೊಳಲನ್ನು ಅವರು ನುಡಿಸುವುದಿಲ್ಲ. ಆ ಮರದ ಕೊಳಲಿನಲ್ಲಿ ಪ್ರತಿ ಸ್ವರವನ್ನೂ ಕಿವಿ ಕೇಳಿ ತುಟಿ ತಿದ್ದಬೇಕು. ಅವರ ಕಿವಿ ಹೇಳಿದಂತೆ ತುಟಿ ತಿದ್ದಿದರೆ ಎಲ್ಲ ಅಪಶ್ರುತಿ. ಕೊಳಲಿನ ಭಾಗವನ್ನು ಓಬೋದವನಿಗೆ ಕೊಟ್ಟರು. ಮೇಳವನ್ನು ಕೈಯಿಂದ ನಡೆಸುತ್ತೇನೆ, ಪಿಟೀಲಿನ ಬಿಲ್ಲು ನೋಡಿಕೊಂಡು, ಉಸಿರು ನೋಡಿಕೊಂಡು, ಅದಕ್ಕೆ ಕಿವಿ ಬೇಕಾಗಿಲ್ಲ ಅಂದರು. ಹೀನೆಕ್ ಏನೋ ತಮಾಷೆ ಮಾಡಲು ಬಾಯಿ ತೆರೆದವನು ಪಿಟೀಲನ್ನು ಗಲ್ಲಕ್ಕೆ ಒತ್ತಿಕೊಂಡ.

ಆ ಭಾನುವಾರ ಚಳಿ ಬೇಗ ಬಂದಿತ್ತು. ಇಗರ್ಜಿಯೊಳಗೆ ಜನರ ಉಸಿರು ಹಬೆಯಾಗಿ ಕಾಣುತ್ತಿತ್ತು. ಅಣಬೆಯ ಕಾಲ ಮುಗಿದಿದ್ದರಿಂದಲೋ ಏನೋ ಅಷ್ಟು ಜನ ಬಂದಿದ್ದರು, ಹಿಂದಿನ ಬೆಂಚಿನ ತುದಿಯಲ್ಲಿ ಜ್ದೆಂಕಾಳೂ ಇದ್ದಳು. ನಾವೆಲ್ಲ ಮೇಲಿನ ಅಟ್ಟದಲ್ಲಿ. ನಾನು ಮೇಳಕ್ಕೆ ಬೆನ್ನು ಹಾಕಿ ಆರ್ಗನ್ನಿನ ಮುಂದೆ ಕೂತಿದ್ದೆ. ನನ್ನ ತಲೆಯ ಮೇಲೆ ಒಂದು ಚಿಕ್ಕ ಕನ್ನಡಿ ಇದೆ, ಅದರಲ್ಲಿ ನಡೆಸುವವರ ಮುಖ ಮತ್ತು ಕೈ ಕಾಣುತ್ತದೆ. ಪ್ರೊಕೂಪೆಕ್ ಅವರು ಹೊಸ ಶರ್ಟು ಹಾಕಿದ್ದರು. ಕೈ ಎತ್ತಿದರು, ಇಳಿಸಿದರು, ನಾನು ಒತ್ತಿದೆ.

ಆ ಸಂಗೀತ ಹೇಗಿತ್ತು ಅಂತ ನಾನು ಈಗಲೂ ಸರಿಯಾಗಿ ಹೇಳಲಾರೆ. ಆರ್ಗನ್ನಿನ ಸ್ವರ ಆ ಗೋಡೆಗಳಿಗೆ ಹೋಗಿ ಕೂತುಕೊಂಡಿತು, ಎಷ್ಟೋ ದಿನದ ಮೇಲೆ ಮನೆಗೆ ಬಂದವರ ಹಾಗೆ. ಹುಡುಗಿಯ ಕಂಠ ಒಂದು ಕಡೆಯೂ ಕಷ್ಟಪಡಲಿಲ್ಲ. ಎಲ್ಲ ಅಷ್ಟು ತಗ್ಗಿನಲ್ಲಿ, ಅಷ್ಟು ಮೆತ್ತಗೆ, ಯಾರೂ ಯಾರನ್ನೂ ಮೀರಿಸಲು ನೋಡದೆ ನಡೆಯಿತು. ಇಷ್ಟು ವರ್ಷ ಅವರು ಬಡಕೊಂಡದ್ದು ಯಾಕೆ ಅಂತ ನನಗೆ ಆವತ್ತು ಗೊತ್ತಾಯಿತು. ಕೆಳಗೆ ಹೆಂಗಸರು ಮೂಗು ಒರೆಸಿಕೊಳ್ಳುವುದು ಕೇಳುತ್ತಿತ್ತು. ಹೀನೆಕ್‌ನಂಥ ಹೀನೆಕ್ ಕಣ್ಣು ಮುಚ್ಚಿಕೊಂಡು ನುಡಿಸುತ್ತಿದ್ದ. ನಾನು ಕನ್ನಡಿ ನೋಡಿದೆ. ಪ್ರೊಕೂಪೆಕ್ ಅವರ ಕೈ ಒಂದು ಕಡೆಯೂ ತಪ್ಪಲಿಲ್ಲ. ಮುಖ ಮಾತ್ರ ರೈಲು ಕಾಯುವವರ ಮುಖ. ಅಷ್ಟು ಜನರಲ್ಲಿ ಅದನ್ನು ಕೇಳದೆ ಇದ್ದವರು ಅವರೊಬ್ಬರೇ.

ಮುಗಿದ ಮೇಲೆ ಜನ ಎದ್ದು ನಿಂತು ಅಟ್ಟದ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಅವರು ಎರಡು ಸಲ ಬಾಗಿ, ಕಾಗದಗಳನ್ನು ಜೋಡಿಸಿಕೊಂಡು ಕೆಳಗಿಳಿದರು. ಹೀನೆಕ್ ಕಾರಿನಲ್ಲಿ ಬಾ ಅಂತ ಕರೆದ, ಬೇಡ ಅಂದರು. ಪಾದ್ರಿಗಳ ಮನೆಯ ಬಿಸಿ ವೈನಿಗೂ ನಿಲ್ಲಲಿಲ್ಲ. ಒಬ್ಬರೇ ಬಸ್‌ಸ್ಟಾಪಿನ ಕಡೆ ಹೋಗುವುದನ್ನು ನೋಡಿ ನಾನು ಹಿಂದೆಯೇ ಹೋದೆ. ಮಿರೆಕ್ ಕಾಯುತ್ತಾನೆ ಅನ್ನುವುದು ಗೊತ್ತಿತ್ತು, ಕಾಯಲಿ ಅಂದುಕೊಂಡೆ. ಕತ್ತಲಾಗುತ್ತಾ ಬಂದಿತ್ತು. ಕೆರೆಯ ಪಕ್ಕದ ತಗಡಿನ ತಂಗುದಾಣದಲ್ಲಿ ಇಬ್ಬರೂ ಕೂತೆವು.

"ಹೇಗಿತ್ತು, ಲಿಬುಶೆ ಅವರೇ?" ಅಂದರು. "ನನಗೆ ಹೇಳಿ. ನಾನು ಅಲ್ಲಿ ಇರಲಿಲ್ಲ."

ಚೆನ್ನಾಗಿತ್ತು ಅಂದೆ. ಅವರು ತಲೆಯಾಡಿಸಿದರು. ಓಬೋದವನು ಎರಡನೇ ಭಾಗದಲ್ಲಿ ಸ್ವಲ್ಪ ಅವಸರಪಟ್ಟ, ಹುಡುಗಿ ಅಲ್ಲಿ ಉಸಿರು ತೆಗೆದುಕೊಳ್ಳಲಿಲ್ಲ, ಇಲ್ಲಿ ತೆಗೆದುಕೊಂಡಳು ಅಂತ ಏನೇನೋ ಹೇಳಿದೆ. ಅದೆಲ್ಲ ನೋಡಿದೆ ಅಂದರು. ಕೈಯಲ್ಲಿದ್ದ ಕಾಗದಗಳನ್ನು ಮತ್ತೆ ಮತ್ತೆ ತಟ್ಟಿ ಸಮ ಮಾಡುತ್ತಿದ್ದರು. ಎಪ್ಪತ್ತು ವರ್ಷದ ಮುದುಕ ಅಷ್ಟು ದೂರ ಬಂದು ಬರಿಗೈಯಲ್ಲಿ ವಾಪಸು ಹೋಗುತ್ತಿದ್ದಾರೆ, ನಾನು ಪಕ್ಕದಲ್ಲಿ ಕೂತು ಉಸಿರಿನ ಲೆಕ್ಕ ಕೊಡುತ್ತಿದ್ದೇನೆ ಅಂತ ನನ್ನ ಮೇಲೆಯೇ ಸಿಟ್ಟು ಬಂತು.

ನನ್ನ ಕಂಠ ಹೇಳಿಕೊಳ್ಳುವಂಥದ್ದಲ್ಲ. ಸಿಗರೇಟು ಸೇದಿ ಹಾಳಾದ ಗಂಟಲು, ಮಕ್ಕಳಿಗೆ ಹಾಡಿ ತೋರಿಸಿದರೆ ಮಕ್ಕಳೇ ನಗುತ್ತಿದ್ದರು. ಆದರೂ ಹುಡುಗಿ ಹಾಡಿದ್ದ ಸ್ತುತಿಯ ಮೊದಲ ಸಾಲು ಶುರು ಮಾಡಿದೆ, ಕಿವಿಯಲ್ಲಿ ಇನ್ನೂ ಇದ್ದ ಆ ಶ್ರುತಿಯಲ್ಲೇ. ಅವರು ಮುಖ ಹಿಂಡಿದರು. ನಾನು ನಿಲ್ಲಿಸಿ, ಅವರ ಕಿವಿಗೆ ತಕ್ಕಂತೆ ಇನ್ನಷ್ಟು ಕೆಳಗಿನಿಂದ ಎತ್ತಿಕೊಂಡೆ. ಅವರು ತಿರುಗಿ ನನ್ನನ್ನೇ ನೋಡಿದರು. ನಾನು ಏನು ಮಾಡುತ್ತಿದ್ದೇನೆ ಅಂತ ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮೊಣಕಾಲಿನ ಮೇಲಿದ್ದ ಬಲಗೈ ನಿಧಾನ ಮೇಲೆದ್ದಿತು, ಅಂಗೈ ಕೆಳಗೆ ಮಾಡಿ, ಇನ್ನೂ ಸ್ವಲ್ಪ ಇಳಿಸಿ ಅಂತ ತೋರಿಸಿದರು. ಇಳಿಸಿದೆ. ಇನ್ನೂ ಒಂದು ಕೂದಲೆಳೆ ಅಂತ ಬೆರಳಲ್ಲಿ ತೋರಿಸಿದರು. ಅದನ್ನೂ ಇಳಿಸಿದೆ, ನನ್ನ ಗಂಟಲಿನ ತಳ ಅದು, ಅಲ್ಲಿಂದ ಕೆಳಗೆ ಬರೀ ಗಾಳಿ.

ಕೈ ನಿಂತಿತು.

"ಹಾಂ," ಅಂದರು. "ಅಲ್ಲೇ. ಅಲ್ಲೇ ಇರಿ."

ನಾನು ಅಲ್ಲೇ ಇದ್ದೆ. ಮೊದಲ ಸಾಲಿನಿಂದ ಹಾಡಿದೆ, ಗೊರಗೊರ ಅನ್ನುತ್ತಾ, ನಡುನಡುವೆ ಕೆಮ್ಮುತ್ತಾ. ಲ್ಯಾಟಿನ್ ಪದ ಮರೆತ ಕಡೆ ಲಾ ಲಾ ಅಂದೆ. ಅವರು ಕಣ್ಣು ಮುಚ್ಚಿದ್ದರು, ಕೈ ಮಾತ್ರ ಇಷ್ಟಿಷ್ಟೇ ಅಲುಗುತ್ತಿತ್ತು, ಎಲ್ಲಿ ನಿಲ್ಲಬೇಕು, ಎಲ್ಲಿ ಬಿಡಬೇಕು ಅಂತ. ಕೊಳಲು ಬರುವ ಜಾಗದಲ್ಲಿ ಕೈ ತಡೆದು ನನ್ನನ್ನು ಕಾಯಿಸಿದರು, ಅಷ್ಟು ಹೊತ್ತೂ ಅವರ ತುಟಿ ಒಂದು ಬದಿಗೆ ಬಿಗಿದಿತ್ತು, ಆಮೇಲೆ ಹಾಡಿ ಅಂತ ಕೈ ಬೀಸಿದರು. ಬಸ್ಸು ಬಂದು ನಿಂತಿತು. ಡ್ರೈವರು ಬಾಗಿಲು ತೆಗೆದು, ಹತ್ತೀರಾ ಅಜ್ಜಿ ಅಂತ ಕೇಳಿದ. ನಾನು ಹಾಡುತ್ತಲೇ ಬೇಡ ಅಂತ ತಲೆಯಾಡಿಸಿದೆ, ಯಾಕೆಂದರೆ ಇನ್ನೂ ಒಂದು ಭಾಗ ಉಳಿದಿತ್ತು.